ಮುಸುವ ನಮಗೆ ಏನಾಗಬೇಕು?

ಧಾರವಾಡದಿಂದ ಸವದತ್ತಿಯ ರಸ್ತೆ ಹಿಡಿದರೆ ಹತ್ತು ಹನ್ನೆರಡು ಕಿಲೋಮೀಟರಿನೊಳಗೆ ಅಮ್ಮಿನಬಾವಿ ಬರುತ್ತದೆ. ಹಳೆಯ ಬಸದಿಯಿರುವ, ಹಿರೇಮಠವಿರುವ ಊರು. ಆದರೆ ಹುಬ್ಬಳ್ಳಿ-ಧಾರವಾಡದ ಜನರಿಗೆ ಅದರ ಹೆಸರು ನೆನಪಾಗುವುದು ಬಹುಮಟ್ಟಿಗೆ ನಲ್ಲಿಯಲ್ಲಿ ನೀರು ಬಾರದ ದಿನ. ಸವದತ್ತಿಯ ಬಳಿ ಎತ್ತಿದ ಮಲಪ್ರಭೆಯ ನೀರು ಅಮ್ಮಿನಬಾವಿಯ ಶುದ್ಧೀಕರಣ ಘಟಕದಲ್ಲಿ ತಿಳಿಯಾಗಿ ಅವಳಿ ನಗರಕ್ಕೆ ಹರಿಯುತ್ತದೆ. ಊರಿನಾಚೆ ಬೆಳವಲ: ಕಣ್ಣು ಹಾಯುವಷ್ಟು ದೂರ ಎರೆಭೂಮಿ, ಹಿಂಗಾರಿನಲ್ಲಿ ಜೋಳ, ಕಡಲೆ, ಗೋದಿ. ಧಾರವಾಡದ ಇನ್ನೊಂದು ಮಗ್ಗುಲಿಗೆ, ಹಳಿಯಾಳದ ದಾರಿಯಲ್ಲಿ ಅಷ್ಟೇ ದೂರ ಹೋದರೆ ನೆಲ ಕೆಂಪಾಗುತ್ತದೆ, ತೇಗ ಮತ್ತು ಬಿದಿರು ಕಾಣಿಸಿಕೊಳ್ಳುತ್ತವೆ. ಮಲೆನಾಡಿನ ಸೆರಗು ಅಲ್ಲಿಂದ ಆರಂಭ. ಈ ಎರಡು ನೆಲಗಳಲ್ಲೂ ತನ್ನ ಹಕ್ಕು ಸ್ಥಾಪಿಸಿಕೊಂಡಿರುವ ಒಂದು ಪ್ರಾಣಿಯಿದೆ. ಕಪ್ಪು ಮುಖ, ಬೂದು ಮೈ, ಮೈಗಿಂತ ಉದ್ದದ ಬಾಲ. ಅದೇ ಮುಸುವ. ಕಾಡಿನಲ್ಲಿ ಚಿಗುರೆಲೆ ತಿನ್ನುವ ಇದು ಬೆಳವಲದಲ್ಲಿ ಹುಣಸೆಯ ಮರದಿಂದ ಮಾಳಿಗೆಗೆ ಹಾರಿ, ಮಾಳಿಗೆಯಿಂದ ಕಡಲೆಯ ಹೊಲಕ್ಕೆ ಇಳಿಯುತ್ತದೆ. ರೈತ ಶಪಿಸುತ್ತಾನೆ, ಶನಿವಾರ ಹನುಮಪ್ಪನ ಗುಡಿಗೆ ಹೋಗಿ ಕೈಮುಗಿಯುತ್ತಾನೆ.

ಇಂಥ ಊರುಗಳಲ್ಲಿ ವಿಕಾಸವಾದದ ಮಾತು ಬಂದಾಗಲೆಲ್ಲ ಕೇಳಿಬರುವ ಪ್ರಶ್ನೆ ಒಂದೇ. ಮಂಗನಿಂದ ಮಾನವ ಆದದ್ದು ನಿಜವಾದರೆ ಈ ಮಂಗಗಳು ಮಂಗಗಳಾಗಿಯೇ ಯಾಕೆ ಉಳಿದಿವೆ? ನಕ್ಕು ತಳ್ಳಿಹಾಕುವ ಪ್ರಶ್ನೆ ಇದಲ್ಲ. ಹಳ್ಳಿಯ ಕಟ್ಟೆಗಷ್ಟೇ ಸೀಮಿತವಾದದ್ದೂ ಅಲ್ಲ. 2018ರ ಜನವರಿಯಲ್ಲಿ ಕೇಂದ್ರದ ಮಾನವ ಸಂಪನ್ಮೂಲ ಖಾತೆಯ ರಾಜ್ಯ ಸಚಿವರಾಗಿದ್ದ ಸತ್ಯಪಾಲ್ ಸಿಂಗ್ ಅವರು, ಮಂಗ ಮನುಷ್ಯನಾದದ್ದನ್ನು ಕಂಡೆವೆಂದು ನಮ್ಮ ಪೂರ್ವಿಕರು ಯಾರೂ ಹೇಳಿಲ್ಲ, ಆದ್ದರಿಂದ ಡಾರ್ವಿನ್ನನ ಸಿದ್ಧಾಂತ ತಪ್ಪು ಎಂಬರ್ಥದ ಮಾತನ್ನು ಬಹಿರಂಗವಾಗಿ ಆಡಿದರು. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಹೇಳಿಕೆ ಹೊರಡಿಸಿ ಅದನ್ನು ಅಲ್ಲಗಳೆಯಬೇಕಾಯಿತು. ಐದು ವರ್ಷಗಳ ತರುವಾಯ, 2023ರಲ್ಲಿ, ಎನ್‌ಸಿಇಆರ್‌ಟಿಯ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕ ಮರುಮುದ್ರಣಗೊಂಡಾಗ ‘ಅನುವಂಶೀಯತೆ ಮತ್ತು ವಿಕಾಸ’ ಎಂಬ ಅಧ್ಯಾಯ ಬರಿಯ ‘ಅನುವಂಶೀಯತೆ’ ಆಗಿತ್ತು. ಮಕ್ಕಳ ಹೊರೆ ಇಳಿಸಲು ಹೀಗೆ ಮಾಡಲಾಗಿದೆ, ವಿಕಾಸವನ್ನು ಹನ್ನೆರಡನೆಯ ತರಗತಿಯಲ್ಲಿ ಓದಬಹುದು ಎಂಬ ಸಮಜಾಯಿಷಿ ಬಂತು. 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಅಧ್ಯಾಪಕರು ಮತ್ತಿತರರು ಬಹಿರಂಗ ಪತ್ರ ಬರೆದು ಆಕ್ಷೇಪಿಸಿದರು. ಹತ್ತರ ನಂತರ ಜೀವಶಾಸ್ತ್ರ ಓದುವವರು ನೂರಕ್ಕೆ ಎಷ್ಟು ಮಂದಿ? ಉಳಿದವರ ಪಾಲಿಗೆ ಕಟ್ಟೆಯ ಪ್ರಶ್ನೆ ಪ್ರಶ್ನೆಯಾಗಿಯೇ ಉಳಿಯುತ್ತದೆ.

ಅದರ ಉತ್ತರ ಉತ್ತರ ಕರ್ನಾಟಕದ ರೈತನಿಗೆ ಅಪರಿಚಿತವೇನಲ್ಲ. ಎತ್ತಿನ ಮೇಲೆ ಕುಳಿತು ಊರೂರು ಸುತ್ತುವ ಹೆಳವರನ್ನು ನೆನಪಿಸಿಕೊಳ್ಳಿ. ಅಂಗಳದಲ್ಲಿ ನಿಂತು ಅವರು ಮನೆತನದ ವಂಶಾವಳಿಯನ್ನು ತಲೆಮಾರುಗಳಷ್ಟು ಹಿಂದಕ್ಕೆ ಬಿಚ್ಚುತ್ತಾರೆ: ಮೂಲಪುರುಷ ಯಾರು, ಯಾವ ಊರಿನಿಂದ ಎದ್ದು ಬಂದ, ಯಾವ ಮಗನ ಕವಲು ಇಲ್ಲಿ ನಿಂತಿತು, ಯಾವುದು ಹೊಳೆ ದಾಟಿ ಹೋಯಿತು. ಅದನ್ನು ಕೇಳುವ ಯಾವ ರೈತನೂ, “ನಾನು ನನ್ನ ಮುತ್ತಜ್ಜನಿಂದ ಬಂದದ್ದು ನಿಜವಾದರೆ ನನ್ನ ದೊಡ್ಡಪ್ಪನ ಮಗ ಇನ್ನೂ ಯಾಕೆ ಇದ್ದಾನೆ?” ಎಂದು ಕೇಳುವುದಿಲ್ಲ. ದಾಯಾದಿ ಎಂದರೆ ಏನೆಂದು ಅವನಿಗೆ ಗೊತ್ತು. ಮುಸುವ ನಮಗೆ ಅಪ್ಪನೂ ಅಲ್ಲ, ಅಜ್ಜನೂ ಅಲ್ಲ. ಬಹು ದೂರದ ದಾಯಾದಿ. ಅದರ ಕವಲೂ ನಮ್ಮ ಕವಲೂ ಬೇರೆಯಾಗಿ ಸುಮಾರು ಎರಡೂವರೆಯಿಂದ ಮೂರು ಕೋಟಿ ವರ್ಷಗಳಾಗಿವೆ. ಚಿಂಪಾಂಜಿಯದೂ ನಮ್ಮದೂ ಬೇರೆಯಾಗಿ 60-70 ಲಕ್ಷ ವರ್ಷ. ಮೂಲಪುರುಷ ಈಗ ಇಲ್ಲ. ಅವನು ಮುಸುವನೂ ಆಗಿರಲಿಲ್ಲ, ಚಿಂಪಾಂಜಿಯೂ ಆಗಿರಲಿಲ್ಲ, ಮನುಷ್ಯನಂತೂ ಅಲ್ಲವೇ ಅಲ್ಲ.

ಕನ್ನಡದಲ್ಲಿ ಬಾಲವಿರುವ ಈ ದಾಯಾದಿಗಳಿಗೆ ಹೆಸರುಗಳ ಸುಗ್ಗಿಯೇ ಇದೆ. ಮಂಗ, ಕೋತಿ, ಕಪಿ, ಕೋಡಗ, ಮುಸುವ, ಸಿಂಗಳೀಕ. ಬಾಲವಿಲ್ಲದ ಹತ್ತಿರದ ಬಳಗಕ್ಕೆ ಮಾತ್ರ ನಮ್ಮದೇ ಆದ ಒಂದು ಹೆಸರಿಲ್ಲ. ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್ ಎಲ್ಲವೂ ಹೊರಗಿನಿಂದ ಬಂದ ಪದಗಳು. ಭಾರತದಲ್ಲಿ ಈ ಬಳಗದ ಪ್ರತಿನಿಧಿಯೆಂದರೆ ಈಶಾನ್ಯದ ಕಾಡುಗಳಲ್ಲಿರುವ ಹೂಲಾಕ್ ಗಿಬ್ಬನ್ ಮಾತ್ರ. ನಮ್ಮ ಕಡೆಯವರಿಗೆ ಅದನ್ನು ಕಾಣುವ ಸಂದರ್ಭವೇ ಬರಲಿಲ್ಲ. ಹೀಗಾಗಿ ಪಠ್ಯಪುಸ್ತಕಗಳು ಬಾಲವಿರುವವನ್ನೂ ಇಲ್ಲದವನ್ನೂ ‘ವಾನರ’ ಎಂಬ ಒಂದೇ ಚೀಲಕ್ಕೆ ತುಂಬಿಬಿಟ್ಟವು. ‘ಮಂಗನಿಂದ ಮಾನವ’ ಎಂಬ ಪ್ರಾಸಬದ್ಧ ಘೋಷಣೆ ಹುಟ್ಟಿದ್ದು ಹೀಗೆ. ಅರ್ಧದಷ್ಟು ಗೊಂದಲಕ್ಕೆ ಈ ಪ್ರಾಸವೇ ಹೊಣೆ ಎಂದರೆ ತಪ್ಪಾಗಲಾರದು. ಪೂರ್ಣಚಂದ್ರ ತೇಜಸ್ವಿಯವರ ‘ಮಿಸ್ಸಿಂಗ್ ಲಿಂಕ್’ನಂಥ ಪುಸ್ತಕಗಳಿದ್ದರೂ ಆ ಪ್ರಾಸ ಮಾಸಿಲ್ಲ.

ಯಾರೂ ಕಂಡಿಲ್ಲವೆಂಬ ಮಾತಿಗೂ ಹೆಳವರ ವಂಶಾವಳಿಯಂಥದೇ ಒಂದು ದಾಖಲೆ ಎದುರು ನಿಲ್ಲುತ್ತದೆ, ಅದು ನಮ್ಮ ಜೀವಕೋಶಗಳಲ್ಲೇ ಇದೆ. ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್‌ಗಳಲ್ಲಿ 24 ಜೊತೆ ವರ್ಣತಂತುಗಳು, ನಮ್ಮಲ್ಲಿ 23. ಆ ಒಂದು ಜೊತೆ ಎಲ್ಲಿ ಹೋಯಿತು? ಅದು ಕಳೆದಿಲ್ಲ, ಎರಡು ಬೆಸೆದು ಒಂದಾಗಿವೆ. ವರ್ಣತಂತುವಿನ ತುದಿಯಲ್ಲಿ ಮಾತ್ರ ಇರಬೇಕಾದ ರಚನೆಯೊಂದು ಮನುಷ್ಯನ ಎರಡನೆಯ ವರ್ಣತಂತುವಿನ ನಡುಮಧ್ಯದಲ್ಲಿ, ಹರಿದ ಸೀರೆಗೆ ಹಾಕಿದ ಹೊಲಿಗೆಯಂತೆ, ಕಾಣಸಿಗುತ್ತದೆ. 1991ರಲ್ಲೇ ಇದನ್ನು ಪತ್ತೆ ಮಾಡಲಾಯಿತು. ಚಿಂಪಾಂಜಿಗೂ ನಮಗೂ ನೂರಕ್ಕೆ ತೊಂಬತ್ತೆಂಟು ಭಾಗ ಸಾಮ್ಯ ಎಂಬ ಜನಜನಿತ ಅಂಕಿಯನ್ನು ನಾನು ಅಷ್ಟಾಗಿ ನೆಚ್ಚುವುದಿಲ್ಲ. ಹೋಲಿಸಬಲ್ಲ ಭಾಗಗಳಲ್ಲಿ ಅಕ್ಷರಕ್ಕೆ ಅಕ್ಷರ ಹಿಡಿದು ನೋಡಿದರೆ ಆ ಲೆಕ್ಕ ಸರಿ, 2005ರ ಅಧ್ಯಯನ ಹೇಳಿದ್ದೂ ಅದನ್ನೇ. 2025ರಲ್ಲಿ ಈ ಬಳಗದ ಪೂರ್ಣ ಜೀನೋಮ್‌ಗಳು ಪ್ರಕಟವಾದ ಮೇಲೆ, ಎಡೆಯಲ್ಲಿ ಸೇರಿದ್ದು, ಬಿಟ್ಟುಹೋದದ್ದು ಎಲ್ಲವನ್ನೂ ಎಣಿಸಿದರೆ ಅಂತರ ಶೇಕಡಾ ಹತ್ತನ್ನು ಮೀರುತ್ತದೆಂದು ತಿಳಿದುಬಂತು. ಎಣಿಕೆಯ ಕ್ರಮ ಬದಲಾದರೆ ಅಂಕಿ ಬದಲಾಗುತ್ತದೆ. ಹೊಲಿಗೆಯ ಗುರುತು ಬದಲಾಗುವುದಿಲ್ಲ.

ದೇಹದ ಸಾಮ್ಯವನ್ನು ನೋಡಲು ಪ್ರಯೋಗಾಲಯವೂ ಬೇಕಿಲ್ಲ. ತೆನೆಗಟ್ಟಿದ ಜೋಳದ ಹೊಲದಲ್ಲಿ ಅಟ್ಟದ ಮೇಲೆ ನಿಂತು ಕವಣೆ ಬೀಸುವವನನ್ನು ನೋಡಿದರೆ ಸಾಕು. ತೋಳು ತಲೆಯ ಮೇಲೆ ಪೂರ್ತಿ ಒಂದು ಸುತ್ತು ತಿರುಗುತ್ತದೆ. ಕೊಂಬೆಗೆ ಜೋತುಬೀಳುತ್ತಿದ್ದ ಬಾಲವಿಲ್ಲದ ಬಳಗದಿಂದ ಬಂದ ಭುಜ ಅದು. ಆ ಕಲ್ಲಿಗೆ ಗುರಿಯಾಗುವ ಮುಸುವನ ಎದೆಗೂಡು ಕಿರಿದು, ಭುಜದೆಲುಬು ಮಗ್ಗುಲಿಗೆ. ನಾಲ್ಕು ಕಾಲಿನ ಮೇಲೆ ಓಡುವ ದೇಹ ಅದರದು. ಎಲೆ ಅರಗಿಸಲು ಅದರ ಹೊಟ್ಟೆಯಲ್ಲಿ ಹಲವು ಕೋಣೆಗಳಿವೆ, ನಮಗಿಲ್ಲ. ಇಷ್ಟೆಲ್ಲ ದೂರವಿದ್ದೂ ರಕ್ತದ ಹತ್ತಿರ ಬಂದರೆ ನೆಂಟಸ್ತಿಕೆ ಮರೆಯಾಗುವುದಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಉದುರಿಬಿದ್ದು, ಅದೇ ಉಣ್ಣೆಯ ಕಡಿತದಿಂದ ಅದೇ ವೈರಸ್ ಜನರನ್ನೂ ಹಿಡಿದಾಗ ಶಿವಮೊಗ್ಗದವರಿಗೆ ಇದು ಕಠಿಣವಾಗಿ ಮನದಟ್ಟಾಯಿತು.

ಆದರೆ ದೇಹದ ಮಾತು ಸುಲಭ. ನಡವಳಿಕೆಯ ಮಾತು ಬಂದಾಗ ತೊಡಕು ಆರಂಭವಾಗುತ್ತದೆ. ಈ ತೊಡಕಿನ ಕಥೆಯ ಮೊದಲ ಅಧ್ಯಾಯ ಬರೆಯಲ್ಪಟ್ಟದ್ದು ಧಾರವಾಡದಲ್ಲಿಯೇ.

1961ರಲ್ಲಿ ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ತರುಣ ಸಂಶೋಧಕ ಯುಕಿಮಾರು ಸುಗಿಯಾಮಾ ಧಾರವಾಡಕ್ಕೆ ಬಂದರು. ಭಾರತ-ಜಪಾನ್ ಜಂಟಿ ಅಧ್ಯಯನ ಯೋಜನೆಯದು. ಯೋಶಿಬಾ ಎಂಬ ಇನ್ನೊಬ್ಬ ಜಪಾನಿ ಸಂಶೋಧಕರೂ ನಮ್ಮವರೇ ಆದ ಎಂ.ಡಿ. ಪಾರ್ಥಸಾರಥಿಯವರೂ ಜೊತೆಗಿದ್ದರು. ಧಾರವಾಡದ ಪಶ್ಚಿಮಕ್ಕೆ ಹಳಿಯಾಳ ರಸ್ತೆಯ ಕಾಡುಗಳಲ್ಲಿ 1963ರವರೆಗೆ ಈ ಅಧ್ಯಯನ ನಡೆಯಿತು. ಕ್ಯೋಟೋದವರದು ಒಂದು ವಿಶಿಷ್ಟ ಪದ್ಧತಿ. ಇಮಾನಿಶಿ ಕಿಂಜಿಯವರು ಹಾಕಿಕೊಟ್ಟ ದಾರಿ ಅದು: ಹಿಂಡನ್ನು ಹಿಂಡೆಂದು ನೋಡಬಾರದು, ಪ್ರತಿಯೊಂದು ಪ್ರಾಣಿಯ ಮುಖ ಗುರುತಿಸಬೇಕು, ಅದರ ನೆಂಟರಿಷ್ಟರನ್ನು ತಿಳಿಯಬೇಕು, ವರ್ಷಗಟ್ಟಲೆ ಬೆನ್ನು ಬಿಡಬಾರದು. ಪ್ರಾಣಿಗಳಿಗೆ ಹೆಸರಿಡುವುದೇ ಅವೈಜ್ಞಾನಿಕ ಎಂದು ಆ ಕಾಲದ ಅನೇಕ ಪಾಶ್ಚಾತ್ಯ ವಿದ್ವಾಂಸರು ಮೂಗು ಮುರಿಯುತ್ತಿದ್ದರು. ಎಮ್ಮೆ-ಆಕಳಿಗೆ ಹೆಸರಿಟ್ಟು ಕರೆಯುವ ನಮ್ಮವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಕ್ಕಿಲ್ಲ.

ಧಾರವಾಡದ ಕಾಡಿನಲ್ಲಿ ಮುಸುವಗಳು ದಟ್ಟವಾಗಿದ್ದವು. ಚದರ ಕಿಲೋಮೀಟರಿಗೆ ನೂರರ ಆಸುಪಾಸು. ಹೆಚ್ಚಿನ ಹಿಂಡುಗಳಲ್ಲಿ ಬೆಳೆದ ಗಂಡು ಒಂದೇ, ಉಳಿದವು ಹೆಣ್ಣು ಮತ್ತು ಮರಿಗಳು. ಹಿಂಡು ಸಿಗದ ಗಂಡುಗಳು ತಮ್ಮದೇ ದಂಡು ಕಟ್ಟಿಕೊಂಡು ಅಲೆಯುತ್ತಿದ್ದವು. 1962ರಲ್ಲಿ ಅಂಥದೊಂದು ದಂಡು ಸುಗಿಯಾಮಾ ಗಮನಿಸುತ್ತಿದ್ದ ಹಿಂಡಿನ ಮೇಲೆ ಏರಿಬಂತು. ಹಳೆಯ ಯಜಮಾನ ಸೋತು ಹೊರಬಿದ್ದ. ಗೆದ್ದವುಗಳಲ್ಲಿ ಒಂದು ಗಂಡು ಉಳಿದವನ್ನೂ ಓಡಿಸಿ ತಾನೊಂದೇ ಒಡೆಯನಾಯಿತು. ಆಮೇಲೆ ನಡೆದದ್ದನ್ನು ಯಾವ ಪುಸ್ತಕವೂ ಹೇಳಿರಲಿಲ್ಲ. ಮರಿಗಳು ಒಂದೊಂದಾಗಿ ಕಚ್ಚಿಸಿಕೊಂಡು ಸತ್ತವು. ಮರಿ ಕಳೆದುಕೊಂಡ ತಾಯಂದಿರು ಬೇಗನೆ ಬೆದೆಗೆ ಬಂದು ಅದೇ ಗಂಡಿನೊಡನೆ ಕೂಡಿದವು.

ಇದು ಆಕಸ್ಮಿಕವಿರಬಹುದೇ? ಸುಗಿಯಾಮಾ ಇನ್ನೊಂದು ಹಿಂಡಿನ ಏಕೈಕ ಗಂಡನ್ನು ತಾವೇ ಹಿಡಿದು ಬೇರ್ಪಡಿಸಿ ನೋಡಿದರು. ತೆರವಾದ ಜಾಗಕ್ಕೆ ಹೊಸ ಗಂಡು ಬಂತು. ಅಲ್ಲಿಯೂ ಮರಿಗಳು ಉಳಿಯಲಿಲ್ಲ. ಫಲಿತಾಂಶದ ಅರಿವಿದ್ದೂ ಮಾಡಿದ ಇಂಥ ಪ್ರಯೋಗಕ್ಕೆ ಇಂದು ಯಾವ ನೈತಿಕ ಸಮಿತಿಯೂ ಸುಲಭವಾಗಿ ಒಪ್ಪಿಗೆ ಕೊಡಲಾರದು, ಕೊಡಲೂಬಾರದು. ಈ ವರದಿಗಳು 1965 ಮತ್ತು 1966ರಲ್ಲಿ ‘ಪ್ರೈಮೇಟ್ಸ್’ ಎಂಬ ಜಪಾನಿನ ನಿಯತಕಾಲಿಕದಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದವು.

ಮೊದಮೊದಲು ನಂಬಿದವರು ಕಡಿಮೆ. ಅದಕ್ಕೂ ಕೆಲವೇ ವರ್ಷ ಮೊದಲು ಅಮೆರಿಕದ ಫಿಲಿಸ್ ಜೇ ಉತ್ತರ ಮತ್ತು ಮಧ್ಯ ಭಾರತದ ಮುಸುವಗಳನ್ನು ನೋಡಿ, ಇವು ಬಹುಮಟ್ಟಿಗೆ ಶಾಂತಸ್ವಭಾವದವು ಎಂದು ಬರೆದಿದ್ದರು. ಪ್ರಾಣಿಗಳ ನಡವಳಿಕೆಯೆಲ್ಲ ತಮ್ಮ ಕುಲದ ಒಳಿತಿಗಾಗಿಯೇ, ತಮ್ಮ ಕುಲದವರನ್ನೇ ಕೊಲ್ಲುವುದು ಮನುಷ್ಯನೊಬ್ಬನ ಅವಗುಣ ಎಂಬ ಭಾವನೆ ಆಗ ವಿದ್ವತ್ ವಲಯದಲ್ಲೂ ಬೇರೂರಿತ್ತು. 1963ರಲ್ಲಿ ಬಂದ ಕೊನ್ರಾಡ್ ಲೊರೆನ್ಸ್ ಅವರ ಹೆಸರಾಂತ ಪುಸ್ತಕ ಅದಕ್ಕೆ ಇಂಬು ಕೊಟ್ಟಿತ್ತು. ಧಾರವಾಡದಲ್ಲಿ ಕಂಡದ್ದು ರೋಗ, ವಿಕೃತಿ. ಮಂಗಗಳ ದಟ್ಟಣೆ ಅತಿಯಾಗಿ ತಲೆಕೆಟ್ಟಿದೆ ಎಂದು ಹಲವರು ವಾದಿಸಿದರು.

ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಸಾರಾ ಬ್ಲಾಫರ್ ಹರ್ಡಿ ಎಂಬ ವಿದ್ಯಾರ್ಥಿನಿಯೂ ಹಾಗೆಯೇ ನಂಬಿದ್ದರು. ದಟ್ಟಣೆಯ ಪರಿಣಾಮವನ್ನು ಅಧ್ಯಯನ ಮಾಡಲೆಂದೇ 1971ರಲ್ಲಿ ರಾಜಸ್ಥಾನದ ಅಬು ಪರ್ವತಕ್ಕೆ ಬಂದರು. ಬಂದು ನೋಡಿದರೆ ಲೆಕ್ಕ ಬೇರೆಯಾಗಿತ್ತು. ಗಂಡುಗಳು ಸಿಕ್ಕ ಸಿಕ್ಕ ಮರಿಯನ್ನು ಕೊಲ್ಲುತ್ತಿರಲಿಲ್ಲ. ಹೊರಗಿನಿಂದ ಹೊಸದಾಗಿ ಬಂದ ಗಂಡು ತನ್ನದಲ್ಲದ ಮರಿಯನ್ನು ಕೊಲ್ಲುತ್ತಿತ್ತು. ಹಾಲೂಡುವ ತಾಯಿ ಬೇಗ ಗರ್ಭ ಧರಿಸಳು. ಹಿಂಡಿನ ಒಡೆತನವಾದರೋ ಕೆಲವು ವರ್ಷಗಳದು, ಇನ್ನೊಂದು ದಂಡು ಬರುವವರೆಗೆ. ಮರಿ ಸತ್ತರೆ ತಾಯಿ ಬೇಗ ಬೆದೆಗೆ ಬರುತ್ತದೆ, ಒಡೆತನ ಮುಗಿಯುವ ಮುನ್ನ ಹೊಸ ಗಂಡಿನ ಸಂತಾನ ಹುಟ್ಟುತ್ತದೆ. ಕುಲದ ಒಳಿತಿನ ಮಾತೇ ಇಲ್ಲಿಲ್ಲ. ಕ್ರೂರವಾದರೂ ಇದು ಡಾರ್ವಿನ್ನನ ತರ್ಕವೇ. 1977ರಲ್ಲಿ ಪ್ರಕಟವಾದ ಹರ್ಡಿಯವರ ಪುಸ್ತಕ ದೊಡ್ಡ ವಾಗ್ವಾದವನ್ನೇ ಎಬ್ಬಿಸಿತು. ನೇಪಾಳದ ರಾಮನಗರದ ಮುಸುವಗಳ ಡಿಎನ್‌ಎ ಪರೀಕ್ಷೆಯ ಫಲಿತಾಂಶ 1999ರಲ್ಲಿ ಬಂತು: ಮರಿಗಳ ಮೇಲೆರಗಿದ ಯಾವ ಗಂಡೂ ಆ ಮರಿಯ ತಂದೆಯಾಗಿರಲಿಲ್ಲ. 2014ರಲ್ಲಿ 260 ಸಸ್ತನಿ ಪ್ರಭೇದಗಳ ದಾಖಲೆಗಳನ್ನು ಒಟ್ಟುಗೂಡಿಸಿ ನೋಡಿದಾಗ 119ರಲ್ಲಿ ಗಂಡುಗಳಿಂದ ಶಿಶುಹತ್ಯೆ ನಡೆಯುವುದು ತಿಳಿದುಬಂತು. ಧಾರವಾಡವೆಂದರೆ ನಮಗೆ ಪೇಡೆ, ಬೇಂದ್ರೆ, ಹಿಂದೂಸ್ತಾನಿ ಗಾಯನ. ಪ್ರಾಣಿಗಳ ನಡವಳಿಕೆಯನ್ನು ಅಭ್ಯಸಿಸುವ ಜಗತ್ತಿನ ವಿದ್ಯಾರ್ಥಿಗಳಿಗೆ ಆ ಹೆಸರಿನ ಅರ್ಥ ಇದು.

ಈಗ ಮುಖ್ಯ ಪ್ರಶ್ನೆಗೆ ಬರೋಣ. ದಾಯಾದಿ ಹೀಗಿದ್ದರೆ ನಾವೂ ಹೀಗೆಯೇ? ಎಪ್ಪತ್ತು ಎಂಬತ್ತರ ದಶಕಗಳಲ್ಲಿ ಹೌದೆಂದು ಹೇಳುವ ಅವಸರ ಅನೇಕರಿಗಿತ್ತು. ಹಿಂಸೆ ನಮ್ಮ ರಕ್ತದಲ್ಲೇ ಇದೆ, ಗಂಡಿನ ದರ್ಪ ನಿಸರ್ಗದತ್ತ ಎನ್ನುವವರು ಇಂದಿಗೂ ಇದ್ದಾರೆ. ಅವರು ದಾಯಾದಿಗಳ ಪಟ್ಟಿಯನ್ನು ಪೂರ್ತಿ ಓದಿಲ್ಲ. ಚಿಂಪಾಂಜಿಗಳಲ್ಲಿ ಶಿಶುಹತ್ಯೆಯಿದೆ, ನಿಜ. ಆದರೆ ನಮಗೆ ಅಷ್ಟೇ ಹತ್ತಿರದ ಇನ್ನೊಂದು ಬಂಧು ಬೊನೊಬೊ. ಕಾಂಗೋ ನದಿಯ ದಕ್ಷಿಣದ ಕಾಡುಗಳಲ್ಲಿರುವ ಈ ಪ್ರಾಣಿಯಲ್ಲಿ ಗಂಡುಗಳು ಮರಿಗಳನ್ನು ಕೊಂದದ್ದು ಕಂಡುಬಂದಿಲ್ಲ. ಒಂದೇ ದೂರದ ಇಬ್ಬರು ದಾಯಾದಿಗಳಲ್ಲಿ ಯಾರನ್ನು ಸಾಕ್ಷಿಗೆ ಕರೆಯೋಣ? ಒಂದು ಹಿಂಡಿಗೆ ಒಂದೇ ಗಂಡು, ಅಲ್ಪಾವಧಿಯ ಒಡೆತನ, ದೀರ್ಘಕಾಲದ ಹಾಲೂಡಿಕೆ ಈ ಮೂರೂ ಕೂಡಿದಲ್ಲಿ ಮುಸುವನ ಬಾಳು ಹಾಗೆ ರೂಪುಗೊಂಡಿತು. ಕಾರಣವನ್ನು ವಿವರಿಸಿದ ಮಾತ್ರಕ್ಕೆ ಅಪ್ಪಣೆ ಕೊಟ್ಟಂತಾಗುವುದಿಲ್ಲ. ಮಳೆ ಯಾಕೆ ಬಂತೆಂದು ಹೇಳುವವನು ಬೆಳೆ ಕೊಚ್ಚಿಹೋಗಲಿ ಎಂದು ಹಾರೈಸಿದಂತೆ ಅಲ್ಲವಲ್ಲ.

ಹರ್ಡಿಯವರು ಅಬುವಿನಲ್ಲಿ ಗಂಡುಗಳನ್ನಷ್ಟೇ ನೋಡಲಿಲ್ಲ. ತಾಯಂದಿರು ಕೈಕಟ್ಟಿ ಕುಳಿತಿರಲಿಲ್ಲವೆಂಬುದನ್ನು ಮೊದಲು ಸ್ಪಷ್ಟವಾಗಿ ಬರೆದವರಲ್ಲಿ ಅವರೂ ಒಬ್ಬರು. ಹೆಣ್ಣುಗಳು ಗುಂಪುಗೂಡಿ ಹೊಸ ಗಂಡನ್ನು ಎದುರಿಸುತ್ತಿದ್ದವು. ಅದರಲ್ಲೂ ಹೆರುವ ಕಾಲ ಮುಗಿದ ಮುದಿ ಹೆಣ್ಣುಗಳು, ತಮಗಿಂತ ಬಲಿಷ್ಠವಾದ ಗಂಡಿನ ಮೇಲೆ ಬಿದ್ದು ಮರಿಯನ್ನು ಬಿಡಿಸಿಕೊಳ್ಳುತ್ತಿದ್ದವು. ಅಜ್ಜಿಯ ಸ್ಥಾನವೆಂಬುದು ಮನೆಯ ಮೂಲೆಯಲ್ಲವೆಂದು ಉತ್ತರ ಕರ್ನಾಟಕದವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಇದಕ್ಕಿಂತ ಕುತೂಹಲಕರವಾದ ಇನ್ನೊಂದು ಸಂಗತಿಯಿದೆ, ನನ್ನ ಮಟ್ಟಿಗೆ ಈ ಇಡೀ ಕಥೆಯ ತಿರುಳು ಅದೇ. ಮುಸುವನ ಮರಿ ಹುಟ್ಟುವಾಗ ಕಪ್ಪಗಿರುತ್ತದೆ. ಕೆಲವು ತಿಂಗಳಲ್ಲಿ ಬಣ್ಣ ಬದಲಾಗುತ್ತದೆ. ಆ ಕರಿಮರಿಯನ್ನು ಕಂಡರೆ ಹಿಂಡಿನ ಹೆಣ್ಣುಗಳಿಗೆಲ್ಲ ಎಲ್ಲಿಲ್ಲದ ಆಸೆ. ಹುಟ್ಟಿದ ಮೊದಲ ದಿನಗಳಲ್ಲೇ ಅದು ತಾಯಿಯ ಕೈಯಿಂದ ಚಿಕ್ಕಮ್ಮನ ಕೈಗೆ, ಅಲ್ಲಿಂದ ಅಕ್ಕನ ಕೈಗೆ ದಾಟುತ್ತದೆ. ತಾಯಿ ಆ ಹೊತ್ತಿನಲ್ಲಿ ನಿರಾತಂಕವಾಗಿ ಎಲೆ ತಿಂದು ಬರುತ್ತದೆ. ನಮಗೆ ಅತಿ ಹತ್ತಿರದ ಚಿಂಪಾಂಜಿ ತಾಯಿ ಹೀಗೆ ಮಾಡುವುದಿಲ್ಲ. ಗೊರಿಲ್ಲಾ, ಒರಾಂಗುಟಾನ್ ತಾಯಂದಿರೂ ಮಾಡುವುದಿಲ್ಲ. ಮೊದಲ ತಿಂಗಳುಗಳಲ್ಲಿ ಅವು ಕೂಸನ್ನು ಬೇರೊಬ್ಬರ ಕೈಗೆ ಕೊಡುವುದೇ ವಿರಳ. ಒಂದು ಕೂಸಿಗೂ ಇನ್ನೊಂದಕ್ಕೂ ನಡುವೆ ಚಿಂಪಾಂಜಿಗೆ ಐದಾರು ವರ್ಷ ಬೇಕು.

ಮನುಷ್ಯರು? ನಮ್ಮ ಕಡೆ ಚೊಚ್ಚಲ ಹೆರಿಗೆಗೆ ಹೆಣ್ಣುಮಗಳು ತವರಿಗೆ ಬರುತ್ತಾಳೆ. ಬಾಣಂತನವೆಂಬುದು ಒಬ್ಬಳ ಕೆಲಸವಲ್ಲ. ಕೂಸು ಕಣ್ಣು ಬಿಡುವ ಮೊದಲೇ ಅಜ್ಜಿ, ಅತ್ತೆ, ಚಿಗವ್ವ, ನೆರೆಮನೆಯಾಕೆ ಎಲ್ಲರ ತೊಡೆಯನ್ನೂ ಹಾಯ್ದು ಬಂದಿರುತ್ತದೆ. ಎರೆಯುವವರು ಒಬ್ಬರು, ತೂಗುವವರು ಮತ್ತೊಬ್ಬರು. ಈ ಹಂಚಿಕೆ ಇದ್ದದ್ದರಿಂದಲೇ ನಮ್ಮ ಪೂರ್ವಜರು, ಚಿಂಪಾಂಜಿಗಳಿಗಿಂತ ಅಸಹಾಯಕವಾದ, ಬೆಳೆಯಲು ಬಹುಕಾಲ ಬೇಡುವ ಕೂಸುಗಳನ್ನು ಅವುಗಳಿಗಿಂತ ಬೇಗ ಬೇಗ ಹೆತ್ತು ಬದುಕಿಸಬಲ್ಲವರಾದರು ಎಂಬುದು ಹರ್ಡಿಯವರು 2009ರಲ್ಲಿ ಬರೆದ ಇನ್ನೊಂದು ಪುಸ್ತಕದ ವಾದ. ಪರರ ಮುಖ ನೋಡಿ ಮನಸ್ಸನ್ನು ಓದುವ ಕಲೆಯನ್ನು ಮನುಷ್ಯನ ಕೂಸು ಇಷ್ಟೊಂದು ಬೇಗ ಕಲಿಯುವುದಕ್ಕೂ ಹಲವು ಕೈಗಳಲ್ಲಿ ಬೆಳೆದದ್ದೇ ಕಾರಣವೆಂದು ಅವರು ಊಹಿಸುತ್ತಾರೆ. ಊಹೆಯೆಂದೇ ಅದನ್ನು ಓದಬೇಕು, ಆದರೆ ತಳ್ಳಿಹಾಕುವಂಥದ್ದಲ್ಲ.

ಹೀಗಾಗಿ ರಕ್ತದಲ್ಲಿ ಹತ್ತಿರದವನನ್ನು ಬಿಟ್ಟು, ಕೂಸು ಆಡಿಸುವ ರೀತಿಯಲ್ಲಿ ನಾವು ದೂರದ ಮುಸುವನನ್ನು ಹೋಲುತ್ತೇವೆ. ಈ ಹೋಲಿಕೆ ಮೂಲಪುರುಷನಿಂದ ಬಂದ ಆಸ್ತಿಯಲ್ಲ. ಇಬ್ಬರೂ ಬೇರೆ ಬೇರೆಯಾಗಿ ಗಳಿಸಿಕೊಂಡದ್ದು. ಬಾಲವಿಲ್ಲದಿರುವುದು, ತಿರುಗುವ ಭುಜ, ವರ್ಣತಂತುವಿನ ಹೊಲಿಗೆಯ ಎರಡೂ ಬದಿಯ ಬರಹ ಪಿತ್ರಾರ್ಜಿತ. ಕೂಸಿನ ಹಂಚಿಕೆ ಸ್ವಯಾರ್ಜಿತ. ವಾಟ್ನಿಯ ತಕರಾರು ಕಂಡವರಿಗೆ ಈ ಭೇದ ಚೆನ್ನಾಗಿ ತಿಳಿದಿರುತ್ತದೆ. ವಿಕಾಸವಾದವನ್ನು ಬಲ್ಲವನು ಹೋಲಿಕೆ ಕಂಡೊಡನೆ ‘ನೋಡಿ, ನಮ್ಮಂತೆಯೇ’ ಎನ್ನದೆ ಇದು ಯಾವ ಬಗೆಯ ಆಸ್ತಿ ಎಂದು ಕೇಳುತ್ತಾನೆ. ಪಠ್ಯದಿಂದ ಹೊರಬಿದ್ದದ್ದು ಕೆಲವು ಪುಟಗಳಲ್ಲ, ಹೀಗೆ ಕೇಳುವ ಅಭ್ಯಾಸ.

ಸುಗಿಯಾಮಾ ಧಾರವಾಡದಿಂದ ಹೋದ ಮೇಲೆ ಚಿಂಪಾಂಜಿಗಳತ್ತ ಹೊರಳಿದರು. 1976ರಲ್ಲಿ ಪಶ್ಚಿಮ ಆಫ್ರಿಕದ ಗಿನಿ ದೇಶದ ಬೊಸ್ಸೊ ಎಂಬ ಹಳ್ಳಿಯ ಬಳಿ ಅಧ್ಯಯನ ಆರಂಭಿಸಿದರು. ಅಲ್ಲಿಯ ಚಿಂಪಾಂಜಿಗಳು ಊರ ಪಕ್ಕದ ಗುಡ್ಡದಲ್ಲೇ ವಾಸ, ರೈತರ ಹೊಲಕ್ಕೆ ಇಳಿಯುವುದೂ ಉಂಟು. ನಮ್ಮ ಮುಸುವಗಳಂತೆ ಅವುಗಳಿಗೂ ಜನರ ಪೂಜ್ಯಭಾವನೆಯ ರಕ್ಷೆಯಿದೆ. ಅವು ಒಂದು ಕಲ್ಲನ್ನು ಅಡಿಗಿಟ್ಟು, ಎಣ್ಣೆತಾಳೆಯ ಬೀಜವನ್ನು ಅದರ ಮೇಲಿರಿಸಿ, ಇನ್ನೊಂದು ಕಲ್ಲಿನಿಂದ ಕುಟ್ಟಿ ಒಡೆದು ತಿರುಳು ತಿನ್ನುತ್ತವೆ. ಮರಿಗಳು ಇದನ್ನು ಕಲಿಯಲು ವರ್ಷಗಳ ಕಾಲ ತಾಯಿಯ ಪಕ್ಕ ಕುಳಿತು ನೋಡುತ್ತವೆ. ಅದೇ ಬೊಸ್ಸೊದಲ್ಲಿ 2003ರಲ್ಲಿ ಉಸಿರಾಟದ ಸೋಂಕು ಹಬ್ಬಿ ಚಿಂಪಾಂಜಿಗಳು ಸತ್ತಾಗ, ಇಬ್ಬರು ತಾಯಂದಿರು ಸತ್ತ ಕೂಸುಗಳನ್ನು ಬಿಡಲಿಲ್ಲ. ಒಂದು 19 ದಿನ, ಇನ್ನೊಂದು 68 ದಿನ ಒಣಗಿದ ದೇಹವನ್ನು ಹೊತ್ತು ತಿರುಗಿದವು, ನೊಣ ಅಟ್ಟಿದವು. ಸತ್ತ ಮರಿಯನ್ನು ಎದೆಗವಚಿಕೊಂಡು ಮರದಿಂದ ಮರಕ್ಕೆ ಹೋಗುವ ಮುಸುವನ್ನು ಕಂಡವರು ನಮ್ಮ ಹಳ್ಳಿಗಳಲ್ಲಿ ಬೇಕಾದಷ್ಟು ಜನರಿದ್ದಾರೆ. ಅದನ್ನು ದುಃಖವೆನ್ನಬೇಕೇ, ಸಾವೆಂದು ತಿಳಿಯದ ಮೌಢ್ಯವೆನ್ನಬೇಕೇ ಎಂದು ವಿಜ್ಞಾನಿಗಳು ಇನ್ನೂ ಚರ್ಚಿಸುತ್ತಿದ್ದಾರೆ. ಹೊತ್ತ ದಿನಗಳ ಎಣಿಕೆಯಲ್ಲಿ ಮಾತ್ರ ಚರ್ಚೆಯಿಲ್ಲ.

ಕಲ್ಲಿನಿಂದ ಕುಟ್ಟುವುದಕ್ಕೂ ಕಲ್ಲನ್ನೇ ಕೆತ್ತುವುದಕ್ಕೂ ನಡುವೆ ದೊಡ್ಡ ಕಂದಕವಿದೆ. ಆ ಕಂದಕವನ್ನು ದಾಟಿದವರ ಗುರುತುಗಳಿಗಾಗಿ ಆಫ್ರಿಕಕ್ಕೇ ಹೋಗಬೇಕಾಗಿಲ್ಲ. ಅಮ್ಮಿನಬಾವಿಗೆ ನೀರು ಕಳಿಸುವ ಮಲಪ್ರಭೆಯೇ ನವಿಲುತೀರ್ಥದ ಅಣೆಕಟ್ಟೆ ದಾಟಿ ಬಾದಾಮಿ ತಾಲ್ಲೂಕಿಗೆ ಇಳಿದಾಗ ಖ್ಯಾಡದ ಬಳಿ ಅದರ ದಡದ ಜಲ್ಲಿಪದರಗಳಲ್ಲಿ ಶಿಲಾಯುಗದ ಕೈಗೊಡಲಿಗಳು ಸಿಕ್ಕಿವೆ. ಈ ಸೀಮೆಯ ಕಲ್ಲಿನ ಆಯುಧಗಳನ್ನು ಹತ್ತೊಂಬತ್ತನೆಯ ಶತಮಾನದಲ್ಲೇ ಭೂಗರ್ಭಶಾಸ್ತ್ರಜ್ಞ ರಾಬರ್ಟ್ ಬ್ರೂಸ್ ಫೂಟ್ ಗುರುತಿಸಿದ್ದ. ಆರ್.ವಿ. ಜೋಶಿಯವರು ಮಲಪ್ರಭಾ ಕೊಳ್ಳವನ್ನು ವ್ಯವಸ್ಥಿತವಾಗಿ ಅಧ್ಯಯನ ಮಾಡಿ 1955ರಲ್ಲಿ ಗ್ರಂಥ ಪ್ರಕಟಿಸಿದರು. ಇನ್ನೂ ಪೂರ್ವಕ್ಕೆ, ಹುಣಸಗಿ ಸೀಮೆಯ ಇಸಾಂಪುರದಲ್ಲಿ ಕೆ. ಪದ್ದಯ್ಯನವರು ಕೊಡಲಿ ಕೆತ್ತುವ ಕಮ್ಮಟವನ್ನೇ ಅಗೆದು ತೆಗೆದರು. ಅಲ್ಲಿ ದೊರೆತ ಪ್ರಾಣಿಯ ಹಲ್ಲಿನ ಪರೀಕ್ಷೆ ಅದರ ವಯಸ್ಸನ್ನು ಸುಮಾರು 12 ಲಕ್ಷ ವರ್ಷವೆಂದು ಸೂಚಿಸಿತು. ನಮ್ಮ ಜಾತಿಯ ಮನುಷ್ಯ ಹುಟ್ಟಿ ಸುಮಾರು ಮೂರು ಲಕ್ಷ ವರ್ಷ ಮಾತ್ರ. ಅಂದರೆ ಕೃಷ್ಣೆಯ ಈ ಕೊಳ್ಳದಲ್ಲಿ ಆ ಕಾಲಕ್ಕೆ ಸುಣ್ಣಕಲ್ಲನ್ನು ಎರಡೂ ಬದಿ ಸಮನಾಗಿ ಕೆತ್ತಿ, ಹಿಡಿಗೆ ಹೊಂದಿಸಿ, ಬೇಟೆಯ ತೊಗಲು ಬಿಡಿಸುತ್ತಿದ್ದವರು ನಾವಲ್ಲ. ಮಂಗಗಳೂ ಅಲ್ಲ. ಕಟ್ಟೆಯ ಮೇಲಿನ ಪ್ರಶ್ನೆಯಲ್ಲಿ ಮಂಗ ಮತ್ತು ಮನುಷ್ಯರ ನಡುವೆ ಯಾರೂ ಇಲ್ಲ. ಇಸಾಂಪುರದ ನೆಲದಲ್ಲಿ ಇದ್ದಾರೆ.

ಪಠ್ಯಪುಸ್ತಕದಲ್ಲಿ ಅಧ್ಯಾಯವಿಲ್ಲದಿದ್ದರೂ ಬೆಳವಲದ ಪ್ರೌಢಶಾಲೆಯ ವಿಜ್ಞಾನದ ಮೇಷ್ಟ್ರಿಗೆ ಸಾಮಗ್ರಿಯ ಕೊರತೆಯಿಲ್ಲ. ಮುಸುವಗಳು ಶಾಲೆಯ ಹಿಂದಿನ ಬೇವಿನ ಮರಕ್ಕೇ ಬರುತ್ತವೆ. ಹಿಂಡಿನಲ್ಲಿ ಬೆಳೆದ ಗಂಡುಗಳೆಷ್ಟು, ಹೆಣ್ಣುಗಳೆಷ್ಟು, ಮರಿಗಳಲ್ಲಿ ಇನ್ನೂ ಕಪ್ಪಗಿರುವವು ಎಷ್ಟು. ಒಂದು ತಾಸಿನಲ್ಲಿ ಒಂದು ಕರಿಮರಿ ಎಷ್ಟು ಕೈ ಬದಲಾಯಿಸಿತು, ಹಿಂದಕ್ಕೆ ಇಸಿದುಕೊಳ್ಳಲು ಬಂದದ್ದು ತಾಯಿಯೇ ಬೇರೆಯದೇ. ಹಾಳೆಯೊಂದರಲ್ಲಿ ಗೆರೆ ಎಳೆದುಕೊಂಡು ಮಕ್ಕಳು ಇದನ್ನು ಬರೆದಿಡಬಹುದು. 1961ರಲ್ಲಿ ಹಳಿಯಾಳ ರಸ್ತೆಯ ಕಾಡಿನಲ್ಲಿ ಕೆಲಸ ಆರಂಭವಾದದ್ದೂ ಇಂಥ ಎಣಿಕೆಯಿಂದಲೇ.